ಸಾಂತಾಕ್ರೂಜ್‌ದಿಂದ ಅಗಸಿಯ ತನಕ

ನಮ್ಮೂರಿನವರು ಹೇಳುವುದು ಹೀಗೆ: ಅಂವ ವಿಮಾನದಾಗ ಬಂದ, ಏನೂ ಗೊತ್ತಿಲ್ಲದೆ ಹರಕೆಯ ಕಂಬಿ ಎತ್ತಿದ, ರಾತ್ರಿ ಕುರಕುಂಟಾದ ವಸ್ತಿಯಲ್ಲಿ ಹೆಂಡತಿಯ ಬಾಯಿಂದ ಮಗಳು ಸತ್ತ ಸುದ್ದಿ ಕೇಳಿದ, ಕಣ್ಣಾಗ ಒಂದು ಹನಿ ನೀರು ತರಲಿಲ್ಲ, ಸೀದಾ ಶ್ರೀಶೈಲದ ದಾರಿ ಹಿಡಿದ. ಅಲ್ಲಿಯ ದೇವರು ಮಲ್ಲಯ್ಯ ಅವನ ಎದೆ ಗಟ್ಟಿ ಮಾಡಿದ್ದ, ಇಲ್ಲದಿದ್ದರೆ ಮನುಷ್ಯನಿಂದ ಆಗುವ ಮಾತೇ ಅದು?

ಕತೆಯ ಮೊದಲ ತುಂಡು ನನಗೆ ಒಪ್ಪಿಗೆ. ವಿಮಾನದಲ್ಲಿ ಬಂದದ್ದು ನಿಜ. ಮುಂಬಯಿಗೆ ಹೋಗಿ ಕರೆದುಕೊಂಡು ಬಂದವನು ನಾನೇ. ಕುರಕುಂಟಾದಲ್ಲಿ ಅಳಲಿಲ್ಲ ಎಂಬುದೂ ನಿಜ. ಆದರೆ ನಡುವೆ ಬರುವ "ಏನೂ ಗೊತ್ತಿಲ್ಲದೆ" ಎನ್ನುವುದಿದೆಯಲ್ಲ, ಅದಕ್ಕೆ ನನ್ನ ತಕರಾರಿದೆ. ಹೈದರಾಬಾದಿನ ಕಾಲೇಜಿನಲ್ಲಿ ನಾಲ್ಕು ವರ್ಷ ವಾದ ಮಾಡುವುದನ್ನೇ ಕಲಿತವನು ನಾನು. ಪುರಾವೆ ಇಲ್ಲದ ಪವಾಡ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಅಂವ ಅಂದರೆ ನಮ್ಮ ಅಕ್ಕನ ಗಂಡ. ನಾನು ಮಾಮಾ ಅನ್ನುತ್ತೇನೆ. ಶಹಾಬಾದಿನಲ್ಲಿ ಫಿಟ್ಟರ್ ಕೆಲಸ ಕಲಿತವರು. ಹೈದರಾಬಾದ್ ಸಂಸ್ಥಾನದಲ್ಲಿ ಗದ್ದಲವಾದ ವರ್ಷ, ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ಅಕ್ಕನನ್ನೂ ಕೂಸನ್ನೂ ನಮ್ಮ ಮನೆಯಲ್ಲಿ ಬಿಟ್ಟು ಖಾಡಿ, ಅಂದರೆ ಅರಬರ ಕೊಲ್ಲಿ, ಆ ಕಡೆಯ ಎಣ್ಣೆ ಕಾರ್ಖಾನೆಗೆ ಹೋದರು. ಕರಾರು ಮುಗಿಯುವ ತನಕ ರಜೆ ಇಲ್ಲ. ಹೋಗುವ ಮುಂಚೆ ಗಂಡಹೆಂಡತಿ ಕೂಡಿ ಒಂದು ಹರಕೆ ಹೊತ್ತರು. ಮಗಳ ಜಾವಳ, ಅಂದರೆ ಹುಟ್ಟುಗೂದಲು, ಊರಲ್ಲಿ ತೆಗೆಸುವುದಿಲ್ಲ. ಅಪ್ಪ ತಿರುಗಿ ಬಂದ ಮೇಲೆ ಯುಗಾದಿಯ ಕಂಬಿಯ ಜೊತೆ ನಡೆದು, ಮಗಳನ್ನು ತಾನೇ ಹೊತ್ತುಕೊಂಡು ಹೋಗಿ, ಶ್ರೀಶೈಲದಲ್ಲೇ ತೆಗೆಸುವುದು.

ಹೀಗಾಗಿ ಆ ಕೂಸಿನ ತಲೆಗೆ ಕತ್ತರಿ ಬೀಳಲಿಲ್ಲ. ಮೂರು ತುಂಬುವುದರೊಳಗೆ ಕೂದಲು ಸೊಂಟಕ್ಕೆ ಬಂದಿತ್ತು. ಅಕ್ಕ ಎಣ್ಣೆ ಹಚ್ಚಿ ಹೆಣೆಯಲು ಕೂತರೆ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು: "ನಮ್ಮಪ್ಪ ಬರ್ಲಿ, ಎಲ್ಲಾ ಬೋಳಿಸಿ ಒಗಸ್ತೀನಿ!" ಕಾಣದ ಅಪ್ಪನ ಹೆಸರಿನಲ್ಲಿ ಎಷ್ಟು ಜಬರದಸ್ತು!

ಮಳೆಗಾಲದ ಕೊನೆಗೆ ಜ್ವರ ಬಂತು. ಗಾಡಿ ಕಟ್ಟಿ ಚಿಂಚೋಳಿಯ ಕಡೆ ಹೊರಟರು, ಅಲ್ಲಿಯ ಚಂದಾಪುರದ ದವಾಖಾನೆ ಇನ್ನೂ ದೂರವಿರುವಾಗಲೇ ಕೂಸು ಅಕ್ಕನ ತೊಡೆಯ ಮೇಲೆ ತಣ್ಣಗಾಯಿತು. ಮಣ್ಣು ಮಾಡುವ ಮೊದಲು ಅಕ್ಕ ತಾನೇ ಆ ಜಡೆ ಕತ್ತರಿಸಿ, ಕೂಸಿನ ಕುಬಸದಲ್ಲಿ ಸುತ್ತಿ ಇಟ್ಟುಕೊಂಡಳು. ಮಾಮಾಗೆ ತಿಳಿಸಬಾರದು ಅಂದಳು.

"ಅಲ್ಲಿ ಆ ಪರದೇಶದಾಗ ಅವರಿಗಿ ಹಿಡಕೊಂಡು ಕುಂದ್ರೋರು ಯಾರು ಅದಾರ? ಬರ್ಲಿ, ನಾನೇ ಹೇಳ್ತೀನಿ."

ಅದಕ್ಕೆ ನಾನು ಎದುರಾಡಲಿಲ್ಲ. ನಾನು ಎದುರಾಡಿದ್ದು ಆಮೇಲೆ, ಮಾಮಾ ಬರುವ ದಿನ ಗೊತ್ತಾದಾಗ. ವಿಮಾನ ಮುಂಬಯಿಗೆ ಬರುವ ಮರುದಿನವೇ ಕಂಬಿ ಏಳುವುದಿತ್ತು. ಹಡಗಿನಲ್ಲಿ ಕಳಿಸಿದ್ದರೆ ಯುಗಾದಿಯೇ ದಾಟುತ್ತಿತ್ತು. ಕಂಪನಿ ವಿಮಾನ ಹತ್ತಿಸಿದ್ದರಿಂದ ಬಿಸಿಲು ಇಳಿಯುವ ಹೊತ್ತಿಗೆ ನಮ್ಮೂರ ಅಗಸಿಗೆ, ಅಂದರೆ ಊರ ಬಾಗಿಲಿಗೆ, ಮುಟ್ಟಲು ಆಗುವಂತಿತ್ತು. ಕಂಬಿ ಎಂದರೆ ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಒಯ್ಯುವ ಉದ್ದನೆಯ ಬಿದಿರು, ಬಟ್ಟೆ ಸುತ್ತಿ ಗೆಜ್ಜೆ ಕಟ್ಟಿದ್ದು. ಹರಕೆ ಇದ್ದವನು ಅದನ್ನು ಅಗಸಿಯಲ್ಲೇ ಎತ್ತಬೇಕು. ನಡುದಾರಿಯಲ್ಲಿ ಬಂದು ಕೂಡಿಕೊಂಡರೆ ಲೆಕ್ಕಕ್ಕಿಲ್ಲ. ಒಮ್ಮೆ ಎದ್ದ ಮೇಲೆ ಹರಕೆಯವರು ಯಾರೂ ಹಿಂದಿರುಗುವ ಹಾಗಿಲ್ಲ. ರೈಲು ಸೇಡಂ ದಾಟಿ ಕುರಕುಂಟಾದ ಮೇಲೆಯೇ ಹೋಗುತ್ತದೆ, ಮೊದಲ ವಸ್ತಿಯೂ ಕುರಕುಂಟಾದಲ್ಲೇ, ಅಲ್ಲೇ ಇಳಿದು ಕೂಡಿಕೊಳ್ಳಬಾರದೇಕೆ ಎಂದು ಕೇಳಿದೆ. ನನ್ನನ್ನು ಹುಚ್ಚನ ಹಾಗೆ ನೋಡಿದರು.

ಕಂಬಿಯ ಹಿರಿಯ ಒಬ್ಬ ಮುತ್ಯಾ ಇದ್ದ. ಅವನು ಇನ್ನೊಂದು ಕಟ್ಟು ಹಾಕಿದ: ಸುದ್ದಿಯನ್ನು ಕಂಬಿ ಎದ್ದ ಮೇಲೆಯೇ ಹೇಳಬೇಕು.

"ಯಾಕ?" ಅಂದೆ.

"ಅವನಿಗಿ ಸುದ್ದಿ ಮುಟ್ಟಿದ ದಿನಾನೇ ಸಾವಿನ ದಿನ. ಮೊದಲೇ ಕೇಳಿದ್ರ ಕಂಬಿ ಮುಟ್ಲಿಕ್ಕಿ ಬರಂಗಿಲ್ಲ. ಎದ್ದ ಮ್ಯಾಲ ಸೂತಕ ತಟ್ಟಂಗಿಲ್ಲ."

"ಮುತ್ಯಾ, ನಮ್ಮವರಿಗೆ ಸೂತಕ ಇಲ್ಲ ಅಂತ ದಿನಾ ಕಟ್ಟಿ ಮ್ಯಾಲ ಕುಂತು ಹೇಳೋರು ಯಾರು? ಬಸವಣ್ಣ ಅದನ್ನ ಕಿತ್ತು ಒಗದಾನ ಅಂತ?"

"ಒಗದಾನ. ಯಾರು ಇಲ್ಲಂದ್ರು?"

"ಮತ್ತ?"

"ನಮಗಿಲ್ಲಪಾ," ಅಂದ ಮುತ್ಯಾ, ಅಡಿಕೆ ಕತ್ತರಿಸುತ್ತ. "ಕಂಬಿಗಿ ಅದ."

ಕಟ್ಟೆಯ ಮೇಲಿದ್ದವರು ಹೋ ಎಂದು ನಕ್ಕರು. ಕಾಲೇಜಿನ ಯಾವ ಬಹಸಿನಲ್ಲೂ ನನ್ನನ್ನು ಹೀಗೆ ಯಾರೂ ಕೆಡವಿರಲಿಲ್ಲ. ನಾನು ಇನ್ನೂ ಬಾಯಿ ತೆರೆಯುವುದರೊಳಗೆ ಅಕ್ಕ ಬಾಗಿಲಿಗೆ ಬಂದು ನಿಂತಳು.

"ನಿನ್ನ ನ್ಯಾಯ ನಿನ್ನ ಹಂತೇಲಿ ಇಟ್ಕೋ. ಆ ಕೂದ್ಲಾ ಅವರ ಕೈಲೆ ಶ್ರೀಶೈಲ ಮುಟ್ಟಬೇಕು. ಅದೊಂದು ಉಳದದ ಆಕಿದು. ಕುರಕುಂಟಾಕ್ಕ ಹೋಗಿ ನಾನು ಹೇಳ್ತೀನಿ. ದಾರ‍್ಯಾಗ ನೀ ಬಾಯಿ ಬಿಡಬ್ಯಾಡ."

ಮುತ್ಯಾ ಅವಳಿಗೆ ಸಮಾಧಾನ ಹೇಳಿದ. ಅಗಸಿಯಲ್ಲಿ ಮಾಮಾ ಕೂಸೆಲ್ಲಿ ಅಂತ ಕೇಳಿದರೆ ಏನು ಹೇಳಬೇಕೆಂದೂ ಗೊತ್ತು ಮಾಡಿದರು: ಕಾಲು ನೋಯುತ್ತವೆಂದು ಗಾಡಿಯ ಮೇಲೆ ಕುರಕುಂಟಾಕ್ಕೆ ಮೊದಲೇ ಕಳಿಸಿದ್ದೇವೆ. ಮುತ್ಯಾ ಅದನ್ನು ಎರಡು ಸಲ ಹೇಳಿ ನೋಡಿಕೊಂಡ. ಸುಳ್ಳು ಹೇಳಿ ರೂಢಿ ಇಲ್ಲದ ಮನುಷ್ಯ.

ಮುಂಬಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಜಾಲರಿಯ ಈಚೆ ನಿಂತು ನೋಡಿದೆ. ಇಳಿದು ಬಂದವರಲ್ಲಿ ಹೆಚ್ಚಿನವರು ಟೋಪಿಯ ಸಾಹೇಬರು. ಅವರ ಹಿಂದೆ ಮಾಮಾ, ಕಪ್ಪಗೆ, ಒಣಗಿ, ತಲೆಯ ಮೇಲೆ ತಗಡಿನ ಟ್ರಂಕು, ಬೆನ್ನ ಮೇಲೆ ಎಂಥದೋ ಖಾಕಿ ಚೀಲ.

"ಬಂದೇನು ವಕೀಲಾ!" ಎಂದು ಬೆನ್ನು ತಿರುಗಿಸಿ ತೋರಿಸಿದರು. "ನೋಡು, ಹ್ಯಾಂಗದ?"

ಚೀಲವಲ್ಲ, ಜೋಲಿ. ಕಾರ್ಖಾನೆಯಲ್ಲಿ ಕೆಟ್ಟುಹೋದ ಕ್ಯಾನ್ವಾಸ್ ಬೇಡಿ ತಂದು ತಾವೇ ಹೊಲಿದದ್ದು. ಹೆಗಲಿಗೆ ಎರಡು ಪಟ್ಟಿ, ಕೂಸಿನ ಕಾಲು ಇಳಿಬಿಡಲು ಎರಡು ಕಿಂಡಿ. ಕಿಂಡಿಯ ಅಂಚು ತೊಡೆಗೆ ತಿಕ್ಕಬಾರದೆಂದು ಹಳೆಯ ಬನಿಯನ್ನಿನ ಅರಿವೆ ಮಡಚಿ ಹೊಲಿದಿದ್ದರು. ಒಳಗೆ ಒಂದು ಖರ್ಜೂರದ ಗಂಟು.

"ಭಾರ ಹೊತ್ತು ರೂಢಿ ಮಾಡ್ಲಿಕತ್ತೀನಿ. ಶ್ರೀಶೈಲ ಅಂದ್ರ ಏನು ಸಣ್ಣ ದಾರಿ ಅದೇನು? ಎಷ್ಟು ತೂಕ ಆಗ್ಯಾಳ?"

"ನೀವೇ ಅಂದಾಜು ಹೇಳ್ರಿ," ಅಂದೆ.

"ಕೂದ್ಲಾ?"

"ಸೊಂಟದ ತನಕ ಬಂದಿದ್ವು."

ನಿಜವನ್ನೇ ಹೇಳಿದ್ದೆ. ಸುಳ್ಳು ಹೇಳದೆ ಮಾತು ದಾಟಿಸುವುದು ಹೇಗೆಂದು ನನಗೆ ಕಲಿಸಿದ್ದರು, ಆ ವಿದ್ಯೆಗೆ ನನ್ನಲ್ಲಿ ಬಹುಮಾನದ ಬಟ್ಟಲುಗಳೂ ಇವೆ.

ಟಾಂಗಾದಲ್ಲಿ ಸ್ಟೇಷನ್ನಿಗೆ ಬಂದೆವು, ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಬೋರಿಬಂದರಿಗೆ. ದಾರಿಯುದ್ದಕ್ಕೂ ಜನ ಆ ಜೋಲಿಯನ್ನು ನೋಡಿದರು, ಮಾಮಾ ಯಾರೂ ಕೇಳದಿದ್ದರೂ ಹೇಳಿದರು. ಟಾಂಗಾದವನಿಗೆ ಹೇಳಿದರು, ಹಮಾಲನಿಗೆ ಹೇಳಿದರು, ಟಿಕೀಟು ನೋಡಲು ಬಂದವನಿಗೂ ಹೇಳಿದರು, ಮಗಳ ಸಲುವಾಗಿ ಎಂದು: "ಬೇಟೀ ಕೇ ವಾಸ್ತೆ." ಮದ್ರಾಸ್ ಮೇಲ್ ಹತ್ತಿದ ಮೇಲೆ ಜೋಲಿಯನ್ನು ಸಾಮಾನಿನ ಹಲಗೆಗೆ ತೂಗುಹಾಕಿದರು. ಗಾಡಿ ಅಲುಗಾಡಿದಂತೆಲ್ಲ ಅದೂ ಅಲುಗಾಡುತ್ತಿತ್ತು. ನನಗೆ ಹಸಿವಾಗಿ ಖರ್ಜೂರಕ್ಕೆ ಕೈ ಹಾಕಿದರೆ ಕೈಯ ಮೇಲೆ ಹೊಡೆದರು.

"ಅವು ಆಕಿವು. ಆಕಿ ಕೊಟ್ರ ತಿನ್ನು."

ಸೋಲಾಪುರ ಹೋಯಿತು, ಕಲಬುರಗಿ ಹೋಯಿತು. ಅವರ ಪ್ರಶ್ನೆಗಳು ಮುಗಿಯಲಿಲ್ಲ. ಮಾತಾಡಿದರೆ ತೊದಲುತ್ತಾಳೋ? ಹೊಸಬರನ್ನು ಕಂಡರೆ ಅಳುತ್ತಾಳೋ? ನನ್ನ ಹತ್ತಿರ ಬರುತ್ತಾಳೋ? ನಾನು ಕಿಟಕಿಯ ಕಡೆ ಮುಖ ಮಾಡಿ ಹೂಂ, ಊಹೂಂ ಅನ್ನುತ್ತಿದ್ದೆ.

ಶಹಾಬಾದಿನಲ್ಲಿ ನಮ್ಮೂರಿನವನೇ ಒಬ್ಬ ಹತ್ತಿದ. ಅಲ್ಲಿಯ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸ ಅವನದು. ಮೈಯೆಲ್ಲ ಬೂದಿಬಣ್ಣದ ಧೂಳು. ಮಾಮಾನನ್ನು ಕಂಡು ಹಲ್ಲು ಕಿಸಿದ.

"ಅಲಲಲ, ಖಾಡಿ ಸಾಬ್ರು! ಇಷ್ಟ ಕರ್ರಗ ಆಗ್ಲಿಕ್ಕಿ ಸಮುದ್ರ ದಾಟಬೇಕಾಗಿತ್ತೇನ್ರಿ? ನಮ್ಮ ಖಣಿಗಿ ಬಂದಿದ್ರ ಪುಕ್ಕಟ ಮಾಡಿ ಕೊಡ್ತಿದ್ವಿ."

ಮಾಮಾ ನಕ್ಕರು. ಅವನೂ ನಕ್ಕ. ಆಮೇಲೆ, ಬೀಡಿ ಹಚ್ಚುತ್ತ, ದನಿ ಇಳಿಸಿ ಅಂದ: "ಛಲೋ ಆತ್ರಿ ಬಂದದ್ದು. ನಮ್ಮಕ್ಕ ಭಾಳ ಒಬ್ಬಾಕಿ ಆಗಿದ್ಲು ನೋಡ್ರಿ."

ಅಷ್ಟೇ. ಅವನಿಗೆ ನಮ್ಮ ಕಟ್ಟಿನ ವಿಷಯ ಗೊತ್ತಿರಲಿಲ್ಲ, ಮಾಮಾಗೆ ಎಲ್ಲ ತಿಳಿದಿದೆ ಎಂದೇ ಅವನು ತಿಳಿದಿರಬೇಕು. ನಾನು ತಕ್ಷಣ ಖಣಿಯ ಕೂಲಿಯ ಮಾತು ತೆಗೆದೆ. ಮಾಮಾ ನನ್ನನ್ನು ನೋಡಲಿಲ್ಲ, ತೂಗುತ್ತಿದ್ದ ಜೋಲಿಯನ್ನು ನೋಡುತ್ತಿದ್ದರು. ತುಂಬಿದ ತವರುಮನೆಯಲ್ಲಿ, ಮಡಿಲಲ್ಲಿ ಮಗಳನ್ನಿಟ್ಟುಕೊಂಡ ಹೆಣ್ಣನ್ನು ಒಬ್ಬಾಕಿ ಎಂದು ಯಾರಾದರೂ ಅನ್ನುತ್ತಾರೆಯೇ?

ವಾಡಿಯಲ್ಲಿ ಇಳಿದೆವು. ಸೇಡಂ ಕಡೆಯ ಗಾಡಿಗೆ ಇನ್ನೂ ಹೊತ್ತಿತ್ತು. ಮುಖ ತೊಳೆದು ಬರುತ್ತೇನೆಂದು ಮಾಮಾ ನಳದ ಕಡೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅಂಗಿಯ ಎದೆಯೆಲ್ಲ ಒದ್ದೆ. ಆಗಿನ್ನೂ ಸಂಸ್ಥಾನದ ಕರೋಡಗಿರಿ ಇತ್ತು, ಹೊರಗಿನಿಂದ ಬಂದ ಸಾಮಾನು ಬಿಚ್ಚಿ ತೋರಿಸಿ ಸುಂಕ ಕೊಡಬೇಕಾಗಿತ್ತು. ಗುಮಾಸ್ತ ಒಳ್ಳೆಯ ಮನುಷ್ಯ, ಟ್ರಂಕನ್ನು ಮೇಲೆ ಮೇಲೆ ನೋಡಿ ಮುಚ್ಚಿದ. ಜೋಲಿಯ ಕಡೆ ಬೆರಳು ಮಾಡಿ, ಇದೇನು ಎಂದು ಉರ್ದುವಿನಲ್ಲಿ ಕೇಳಿದ.

"ಕ್ಯಾನ್ವಾಸ್ ಹೈ ಸಾಬ್," ಅಂದರು ಮಾಮಾ. "ಸಾಮಾನ್ ಬಾಂಧನೇ ಕಾ." ಸಾಮಾನು ಕಟ್ಟುವ ಬಟ್ಟೆ ಅಂತ.

ಅದನ್ನು ಮಡಚಿ, ಇನ್ನೂ ಮಡಚಿ, ಟ್ರಂಕಿನ ತಳದಲ್ಲಿಟ್ಟರು. ಬೆಂಚಿನ ಮೇಲೆ ಬಂದು ಕೂತು ಖರ್ಜೂರದ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು.

"ತಿನ್ನು."

ನಾನು ತೆಗೆದುಕೊಳ್ಳಲಿಲ್ಲ.

"ತಿನ್ನಪಾ, ವಕೀಲಾ. ಮುಂಜಾನಿಂದ ಉಪವಾಸ ಇದ್ದಿ."

ತಿಂದೆ. ಉಳಿದದ್ದನ್ನು ಬೆಂಚಿನ ಮೇಲಿದ್ದವರಿಗೆಲ್ಲ ಹಂಚಿ ಅರಿವೆ ಝಾಡಿಸಿದರು. ರೈಲು ಚಿತ್ತಾಪುರ ದಾಟಿತು. ಆಮೇಲೆ ಕೇಳಿದ್ದು ಇಷ್ಟೇ: "ಕಂಬಿ ಯಾವಾಗ ಏಳ್ತದ?"

"ಬಿಸಿಲು ಇಳಿದ ಮ್ಯಾಲ."

"ಮುಟ್ತೀವಲ್ಲ?"

"ಮುಟ್ತೀವಿ."

"ನಿಮ್ಮಕ್ಕ ನಡೀತಾಳೇನು?"

"ನಡೀತಾಳ."

ಸೇಡಂನಲ್ಲಿ ನಮ್ಮ ಗಾಡಿ ಕಾಯುತ್ತಿತ್ತು. ಎತ್ತುಗಳನ್ನು ಓಡಿಸಿಕೊಂಡು ಬಂದೆವು. ಅಗಸಿಯಲ್ಲಿ ಜನ ನೆರೆದಿದ್ದರು. ಮುತ್ಯಾನ ಮುಖದಲ್ಲಿ ಆ ಸುಳ್ಳು ಸಿದ್ಧವಾಗಿ ನಿಂತಿದ್ದು ನನಗೆ ದೂರದಿಂದಲೇ ಕಂಡಿತು. ಅಕ್ಕ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದಳು. ಸೆರಗಿನ ಒಳಗೆ ಸೊಂಟದಲ್ಲಿ ಆ ಕುಬಸದ ಗಂಟು.

ಮಾಮಾ ಇಳಿದರು. ಕಾಲಿಗೆ ನೀರು ಹಾಕಿಸಿಕೊಂಡರು. ಅಕ್ಕ ವಿಭೂತಿ ಹಚ್ಚಿದಳು, ಒಂದು ಗೆರೆ ಓರೆಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವರ್ಷಗಟ್ಟಲೆ ಮಗಳಿಗಾಗಿ ಕಾದು, ದಾರಿಯಲ್ಲಿ ಕಂಡಕಂಡವರಿಗೆ ಮಗಳ ಮಾತು ಹೇಳಿದ ಮನುಷ್ಯ ಅಲ್ಲಿ ನಿಂತು ಕೂಸೆಲ್ಲಿ ಎಂದು ಕೇಳಲಿಲ್ಲ. ಮುತ್ಯಾ ಬಾಯಿ ತೆರೆದು ಕಾದ, ಮತ್ತೆ ಮುಚ್ಚಿದ. ಅಷ್ಟು ರೂಢಿ ಮಾಡಿದ ಸುಳ್ಳು ಖರ್ಚಾಗದೆ ಉಳಿಯಿತು.

"ಟ್ರಂಕು ಮನಿಗಿ ಒಯ್ಯಿಸು," ಎಂದು ನನಗೆ ಹೇಳಿ ಮಾಮಾ ಕಂಬಿಗೆ ಹೆಗಲು ಕೊಟ್ಟರು. ಗೆಜ್ಜೆ ಸದ್ದಾಯಿತು. ಕುರಕುಂಟಾದಲ್ಲಿ ಮಗಳು ಕಾಯುತ್ತಿದ್ದಾಳೆಂದು ನಂಬಿದವನು ಜೋಲಿಯನ್ನು ಟ್ರಂಕಿನಲ್ಲೇ ಬಿಟ್ಟು ಹೋಗುತ್ತಾನೆಯೇ?

ನಾನು ಕುರಕುಂಟಾದ ತನಕ ಹಿಂದೆ ಹಿಂದೆ ನಡೆದೆ. ಕಂಬಿ ಇಳಿಸಿದ ಮೇಲೆ ಅಕ್ಕ ಅವರನ್ನು ಬೇವಿನ ಗಿಡದ ಕೆಳಗೆ ಕರೆದು ಹೇಳಿದಳು. ಅವರು ತಲೆ ಆಡಿಸಿದರು. ಗಂಟು ಕೊಟ್ಟಳು, ಅದನ್ನು ಎದೆಯ ಹತ್ತಿರ ಅಂಗಿಯೊಳಗೆ ಇಟ್ಟುಕೊಂಡರು. ಅಳಲಿಲ್ಲ. ಜನ ನೋಡಿದ್ದು ಇದನ್ನೇ. ವಾಡಿಯ ನಳವನ್ನು ಅವರು ನೋಡಿಲ್ಲ.

ಈಗ ವಾದ ನನ್ನ ಕೈಯಲ್ಲಿದೆ. ಗೊತ್ತಿದ್ದೂ ಎತ್ತಿದರೆಂದ ಮೇಲೆ ಮುತ್ಯಾನ ಕಟ್ಟಿನ ಪ್ರಕಾರ ಕಂಬಿ ಮೊದಲ ಹೆಜ್ಜೆಯಲ್ಲೇ ಕೆಟ್ಟಿತು. ಆದರೂ ಅದು ಶ್ರೀಶೈಲ ಮುಟ್ಟಿತು, ಹೋದವರೆಲ್ಲ ಸುಖವಾಗಿ ತಿರುಗಿ ಬಂದರು. ಅಂದಮೇಲೆ ಕಟ್ಟು ಸುಳ್ಳು. ಕಟ್ಟೆಯ ಮೇಲೆ ನಿಂತು ಇದನ್ನು ಹೇಳಿದರೆ ಈ ಸಲ ಯಾರೂ ನಗುವುದಿಲ್ಲ. ಹೇಳಿಲ್ಲ. ಹೇಳಿದರೆ ಮುತ್ಯಾ ಸೋಲುವುದಿಲ್ಲ, ಅಕ್ಕನ ಹರಕೆ ಸೋಲುತ್ತದೆ. ಇಲ್ಲಿ ಹೆಸರುಗಳನ್ನು ಬರೆಯದಿರುವುದೂ ಅದಕ್ಕೇ.

ಮಾಮಾ ಈಗ ಶಹಾಬಾದಿನಲ್ಲೇ ಇದ್ದಾರೆ, ಅಕ್ಕನೂ ಅಲ್ಲೇ. ಅವರನ್ನು ಕೇಳುವ ಧೈರ್ಯ ನನಗಿಲ್ಲ. ಅಕ್ಕನನ್ನು ಒಮ್ಮೆ ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು, ಮತ್ತೆ ಶುರುವಾಯಿತು, ಒಲೆಯ ಮೇಲಿನ ರೊಟ್ಟಿ ಮಾತ್ರ ಕಪ್ಪಗೆ ಸೀದುಹೋಯಿತು. ಅದನ್ನೇ ಇಲ್ಲಿ ಮತ್ತೊಮ್ಮೆ ಕೇಳುತ್ತೇನೆ. ಅಕ್ಕಾ, ಅಗಸ್ಯಾಗ ವಿಭೂತಿ ಹಚ್ಚುವಾಗ ಅವರ ಮಾರಿ ನೋಡಿದ್ದಿ, ಮಗಳೆಲ್ಲಿ ಅಂತ ಅವರು ಕೇಳಲಿಲ್ಲ, ಅವರಿಗಿ ಗೊತ್ತದ ಅಂತ ನಿನಗ ಅಲ್ಲೇ ಗೊತ್ತಾಗಿತ್ತೇನು?