ಛಡಿ ಸಿದ್ಧಾಂತದ ಪ್ರಹ್ಲಾದಾಚಾರರು

ಗುಡಿಯಿಂದ ಹೊರಬಂದು ಬೇರೆಯವರ ಚಪ್ಪಲಿ ಮೆಟ್ಟಿ ಹೊರಟ ಪ್ರಹ್ಲಾದಾಚಾರರನ್ನು ಬೆಟಗೇರಿಯ ನಡುಬೀದಿಯಲ್ಲಿ ದೇವೇಂದ್ರಪ್ಪ ತಡೆದ: ‘ಆಚಾರ್ರ, ಅವು ನನ್ನವು ರೀ!’ ಕಾಲು ತಪ್ಪಿದರೂ ಆಚಾರರ ಬಾಯಿ ತಪ್ಪಲಿಲ್ಲ: ‘ನೋಡು, ಸಾಲಾಗಿ ಬಿಡೂ ಶಿಸ್ತು ಹೋತು, ಕಳವು ಬಂತು!’ ಈ ನಿವೃತ್ತ ಹೆಡ್‌ಮಾಸ್ತರರ ಪ್ರಕಾರ ಅಪರಾಧಕ್ಕೆ ಬಡತನ ಕಾರಣವಲ್ಲ. ಅಪ್ಪನ ಛಡಿ ಏಟು ಬೀಳದಿರುವುದೇ ಕಾರಣ. ಮುಳಗುಂದದಲ್ಲಿ ಎಮ್ಮೆ ಕಳುವಾದರೆ ಅದು ಗದಗಿನ ಗಂಡಸರು ಕ್ರಾಪು ಬಿಟ್ಟದ್ದರಿಂದ. ಶಿರಹಟ್ಟಿಯಲ್ಲಿ ಕನ್ನ ಬಿದ್ದರೆ ಜನ ಹೋಟೆಲಿನಲ್ಲಿ ನಿಂತು ಚಹಾ ಕುಡಿದದ್ದರಿಂದ. ‘ರಾಜ್ಯ ಕೂಡಿತು, ಮನಿ ಒಡೀತು’ ಎಂದು ಏಕೀಕರಣದ ದಿನದಿಂದಲೂ ಗೊಣಗುತ್ತಿದ್ದರು. ಅವರ ಮನೆಯ ಬೆಕ್ಕು ಕೂಡ ಅಪ್ಪಣೆ ಪಡೆದೇ ಹಾಲು ಕುಡಿಯುತ್ತಿತ್ತಂತೆ. ಗುಡಿಯ ದೀಪ ಕದ್ದು ಸಿಕ್ಕಿಬಿದ್ದ ಹಮಾಲ ಚನ್ನಬಸವಣ್ಣನನ್ನು ಜೇಲಿಗೆ ಕಳಿಸುವುದೋ ಬಿಡುವುದೋ ಎಂಬುದು ಗುಡಿಯ ಪಂಚರಾದ ಇವರ ಒಂದು ಮಾತಿನ ಮೇಲೆ ನಿಂತಿತ್ತು. ‘ತಂದಿ ಇಲ್ಲದ ಮಗ, ಕದೀಲಾರದ ಏನ್ ಮಾಡ್ತಾನ? ಒಳಗ ಹಾಕ್ರಿ ಫೌಜದಾರ್ರ’ ಎಂದರು. ಅವನ ತಾಯಿ ಸುಮಿತ್ರವ್ವ ಮುಂದೆ ಬಂದಳು: ‘ಗಂಡ ಸತ್ತ ಮ್ಯಾಲ ನಾನ ಇವನ್ನ ಸಾಕೀನ್ರಿ. ಖರೆ ಹೇಳ್ರಿ, ನಿಮ್ಮಪ್ಪಾರು ನಿಮಗ ದಿನಾ ಛಡೀಲೆ ಹೊಡೀತಿದ್ರೇನ್ರಿ?’ ಆಚಾರರು, ಅವನನ್ನು ಬಿಟ್ಟುಬಿಡಿ ಎಂದು ಫೌಜದಾರರಿಗೆ ಕೈಸನ್ನೆ ಮಾಡಿ ಅವಳಿಗೆ ಹೇಳಿದರು: ‘ಎಲ್ಲಿ ಹೊಡೀತಾರ ಬೇ, ನಾ ಸಣ್ಣಾಂವಿದ್ದಾಗ ಅವರು ಕಳುವಿನ ಕೇಸಿನ್ಯಾಗ ಜೇಲಿನೊಳಗ ಇದ್ರು.’