ಮಂಗಳವಾರ ಸಂಜೆ ಏಳೂವರೆಗೆ ಮನೆ ತೋರಿಸುತ್ತಿದ್ದ ಬೆರಿಲ್

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮನೆ ಮಾರಿ ನೋಡು ಎಂದು ಯಾಕೆ ಯಾರೂ ಸೇರಿಸಲಿಲ್ಲವೋ! ಆ ಗಾದೆ ಮಾಡಿದವರು ನಮ್ಮ ನೆದರ್ ಕಾಂಬರ್ ಹಳ್ಳಿಗೆ ಬಂದು ಬೆರಿಲ್ ಟ್ಯಾಪ್‌ಸ್ಕಾಟ್ ಹಿಂದೆ ಒಂದು ವಾರ ಓಡಾಡಿದ್ದರೆ ಖಂಡಿತ ಸೇರಿಸುತ್ತಿದ್ದರು.

ಆಗ ಬೆರಿಲ್‌ಗೆ ಅರವತ್ತೊಂಬತ್ತು ವರ್ಷ. ಪಟ್ಟಣದಲ್ಲಿ ಮನೆ ಮಾರಿಸಿಕೊಡುವ ಒಂದು ಕಚೇರಿ ಇದೆಯಲ್ಲ, ಅವರ ಪರವಾಗಿ ಸುತ್ತಲಿನ ಹಳ್ಳಿಗಳ ಮನೆಗಳನ್ನು ಬಂದವರಿಗೆ ತೋರಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಹಸಿರು ಮಳೆಕೋಟು, ಅದರ ಜೇಬಿನಲ್ಲಿ ಊರವರ ಬೀಗದ ಕೈಗಳ ಗೊಂಚಲು. ತೋರಿಸುವ ರೀತಿ ಕೇಳಬೇಕು ನೀವು! "ಈ ಕೋಣೆಗೆ ಅಕ್ಟೋಬರ್ ಕಳೆದ ಮೇಲೆ ಬಿಸಿಲು ಅನ್ನೋದೇ ಬರಲ್ಲ. ಪಕ್ಕದ ಮನೆ ನಾಯಿ ಬೆಳಗ್ಗೆ ಐದಕ್ಕೆ ಶುರು ಮಾಡುತ್ತೆ. ಈ ಕಿಟಕಿ ತೆಗೆದ್ರೆ ಮುಚ್ಚಲ್ಲ, ಮುಚ್ಚಿದ್ರೆ ತೆಗೆಯಲ್ಲ." ಮಾರುವವರ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಕೊಳ್ಳುವವರು ಮೂರ್ಖರಲ್ಲ. ಇಷ್ಟೆಲ್ಲ ಹುಳುಕು ಬಾಯಿಬಿಟ್ಟು ಹೇಳುವ ಹೆಂಗಸು ಚಾವಣಿ ಗಟ್ಟಿಯಾಗಿದೆ ಎಂದರೆ ಚಾವಣಿ ಗಟ್ಟಿಯಾಗಿಯೇ ಇರಬೇಕು ಎಂದುಕೊಂಡು ಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಮನೆ ಕೊಂಡ ಒಬ್ಬರೂ ಆಮೇಲೆ ತಕರಾರು ತೆಗೆದಿಲ್ಲ.

ಅವಳಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ನಮ್ಮ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳಿವೆ. ಆರು ಜನ ಆರು ಹಗ್ಗ ಹಿಡಿದು, ಒಬ್ಬರ ಬೆನ್ನಿಗೆ ಒಬ್ಬರು, ಕ್ರಮ ಬದಲಿಸುತ್ತ ಬಾರಿಸಬೇಕು. ಮಂಗಳವಾರ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ಅಭ್ಯಾಸ. ಆ ಆರು ಜನಕ್ಕೆ ಮೂವತ್ತೊಂದು ವರ್ಷದಿಂದ ಬೆರಿಲ್ಲೇ ಮುಖ್ಯಸ್ಥೆ.

ಪಕ್ಕದ ಅಪ್ಪರ್ ಸ್ಟೋಕಿನಲ್ಲಿ ಏನಾಯಿತು ಗೊತ್ತಲ್ಲ? ನಗರದಿಂದ ಯಾರೋ ಬಂದು ಚರ್ಚಿನ ಪಕ್ಕದಲ್ಲೇ ಮನೆ ಕೊಂಡರು. ಜಾಹೀರಾತಿನ ಚಿತ್ರದಲ್ಲಿ ಗೋಪುರ ಬಹಳ ಚೆನ್ನಾಗಿ ಕಾಣುತ್ತಿತ್ತಂತೆ. ಗಂಟೆ ಬಾರಿಸುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಜಾಣತನ ನೋಡಿ, ಅಭ್ಯಾಸದ ದಿನ ತಪ್ಪಿಸಿ ಮನೆ ತೋರಿಸಿದ್ದರು. ಒಂದೇ ವರ್ಷದಲ್ಲಿ ದೂರಿನ ಮೇಲೆ ದೂರು, ಸಭೆಯ ಮೇಲೆ ಸಭೆ. ಈಗ ಅಲ್ಲಿ ಭಾನುವಾರ ಅರ್ಧ ತಾಸು ಬಿಟ್ಟರೆ ಗೋಪುರಕ್ಕೆ ಬಾಯಿಯೇ ಇಲ್ಲ. ಅವತ್ತಿನಿಂದ ಬೆರಿಲ್ ಒಂದು ನಿಯಮ ಮಾಡಿಕೊಂಡಳು. ಗಂಟೆಯ ಸದ್ದು ಕೇಳುವ ಯಾವ ಮನೆಯೇ ಆಗಲಿ, ಮಂಗಳವಾರ ಸಂಜೆ ಏಳೂವರೆಗೇ ತೋರಿಸುವುದು. ಹಾಗೆ ತೋರಿಸುವ ದಿನ ಗೋಪುರದಲ್ಲಿ ಅವಳ ಹಗ್ಗ ಸುಮ್ಮನೆ ತೂಗಾಡುತ್ತಿತ್ತು, ಐದೇ ಗಂಟೆ ಬಾರಿಸುತ್ತಿದ್ದರು. ಐದಾದರೂ ಸದ್ದಿಗೇನು ಬರವಿರಲಿಲ್ಲ.

ಇದೆಲ್ಲ ಸರಿಯಾಗಿಯೇ ನಡೆದಿತ್ತು, ಲೋರ್ನಾ ಪೆನ್‌ಫೋಲ್ಡ್ ತನ್ನ ಮನೆ ಮಾರುತ್ತೇನೆ ಎನ್ನುವವರೆಗೆ.

ಲೋರ್ನಾ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಗೋಪುರದಲ್ಲಿ ಮೂರನೆಯ ಗಂಟೆ ಅವಳದು. ಇಪ್ಪತ್ತೆಂಟು ವರ್ಷ ಬೆರಿಲ್ ಪಕ್ಕದಲ್ಲೇ ನಿಂತು ಹಗ್ಗ ಎಳೆದಿದ್ದಳು. ಅವಳ ಮನೆಗೆ ರೂಕ್ಸ್ ಎಂಡ್ ಎಂದು ಹೆಸರು. ಯಾರ ಗೋಡೆಗೂ ತಾಗದೆ ತೋಟದ ನಡುವೆ ಒಂಟಿಯಾಗಿ ನಿಂತ, ನಾಲ್ಕು ಮಲಗುವ ಕೋಣೆಯ ದೊಡ್ಡ ಸಂಸಾರದ ಮನೆ. ಗೋಪುರಕ್ಕೂ ಅದಕ್ಕೂ ಮೂವತ್ತು ಹೆಜ್ಜೆ. ಸಮುದ್ರದ ದಂಡೆಯಲ್ಲಿ ಅವಳ ತಂಗಿಯ ಮನೆಯ ಪಕ್ಕದ್ದೇ ಒಂದು ಚಿಕ್ಕ ಮನೆ ಮಾರಾಟಕ್ಕೆ ಬಂದಿತ್ತು. ಆಗಸ್ಟ್ ಮುಗಿಯುವುದರೊಳಗೆ ರೂಕ್ಸ್ ಎಂಡಿಗೆ ಗಿರಾಕಿ ಸಿಕ್ಕರೆ ಅದು ಲೋರ್ನಾಳಿಗೆ, ಇಲ್ಲವಾದರೆ ಬೇರೆಯವರಿಗೆ.

"ಅರವತ್ತಾರು ವರ್ಷ ಗುಡ್ಡ ನೋಡಿದ್ದು ಸಾಕು ಕಣೇ. ಇನ್ನು ಪಾತ್ರೆ ತೊಳೀತಾ ಸಮುದ್ರ ನೋಡ್ತೀನಿ" ಎಂದಳು.

"ಕೆನ್ ಏನಂತಾನೆ?" ಎಂದಳು ಬೆರಿಲ್. ಕೆನ್ ಎಂದರೆ ಲೋರ್ನಾಳ ಗಂಡ. ಮಾತು ಕಡಿಮೆ, ಟೊಮೇಟೊ ಜಾಸ್ತಿ.

"ಅಲ್ಲಿ ಟೊಮೇಟೊ ಬೆಳೆಯುತ್ತಾ ಅಂತ ಕೇಳಿದ. ಬೆಳೆಯುತ್ತೆ ಅಂದೆ. ಆಯ್ತು ಅಂದ."

"ಸರಿ. ಮಂಗಳವಾರದಿಂದ ತೋರಿಸೋಣ."

ಜೂನಿನಲ್ಲಿ ಮೊದಲನೆಯವರು ಬಂದರು. ಮಹಡಿಯ ಕೋಣೆಯಲ್ಲಿದ್ದಾಗ ಗಂಟೆ ಶುರುವಾಯಿತು. ಮನೆ ನೋಡಲು ಬಂದ ಮನುಷ್ಯ ಚಾವಣಿ ಕಳಚಿ ಬೀಳುತ್ತಿದೆಯೇನೋ ಎಂಬಂತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಎರಡನೆಯವರು ಮೆಟ್ಟಿಲು ಇಳಿಯುವಾಗಲೇ ಕಾರಿನ ಕೀಲಿ ತೆಗೆದರು. ಮೂರನೆಯ ಹೆಂಗಸು ಒಳಕ್ಕೆ ಕಾಲೇ ಇಡಲಿಲ್ಲ. ಇದರಲ್ಲಿ ತಮಾಷೆ ಏನೆಂದರೆ, ಅಷ್ಟು ಹೊತ್ತೂ ಲೋರ್ನಾ ಗೋಪುರದಲ್ಲಿ ನಿಂತು ಬೆವರು ಸುರಿಸಿ ಹಗ್ಗ ಎಳೆಯುತ್ತಿದ್ದಳು. ತನ್ನ ಮನೆಗೆ ಬಂದವರನ್ನು ತಾನೇ ಗಂಟೆ ಹೊಡೆದು ಓಡಿಸಿದ ಹಾಗಾಯಿತು.

ಕಚೇರಿಯ ಡಂಕನ್‌ಗೂ ಸಾಕಾಗಿತ್ತು. "ಬೆರಿಲ್, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಸುಳ್ಳೂ ಹೇಳಿ ಅಂತಿಲ್ಲ. ಗುರುವಾರ ತೋರಿಸಿ ಅಂತಿದೀನಿ, ಅಷ್ಟೇ."

"ಗುರುವಾರ ತೋರಿಸಿದ್ರೆ ಅದೂ ಸುಳ್ಳೇ ಕಣಪ್ಪಾ" ಎಂದು ಬೆರಿಲ್ ಫೋನ್ ಇಟ್ಟಳು.

ಆಗಸ್ಟಿನ ಮೊದಲ ವಾರ. ಲೋರ್ನಾ ಅಡುಗೆಮನೆಯಲ್ಲಿ ಬೆರಿಲ್‌ಗೆ ಟೀ ಕೊಟ್ಟಳು, ಬಿಸ್ಕತ್ತು ಕೊಡಲಿಲ್ಲ. ಅಷ್ಟರಲ್ಲೇ ಬೆರಿಲ್‌ಗೆ ಏನೋ ಕಾದಿದೆ ಎಂದು ಗೊತ್ತಾಯಿತು.

"ಇನ್ನು ಇಪ್ಪತ್ತಾರೇ ದಿನ."

"ಗೊತ್ತು."

"ಏನು ಗೊತ್ತು ನಿನಗೆ? ನನ್ನ ಬಾಯಲ್ಲಿ ಹೇಳಿಸ್ತೀಯಾ? ಹೇಳ್ತೀನಿ ಕೇಳು. ನಾನು ಹೋಗೋದು ನಿನಗೆ ಬೇಕಿಲ್ಲ. ಅದಕ್ಕೇ ಬಂದೋರನ್ನೆಲ್ಲ ಓಡಿಸ್ತಾ ಇದೀಯ. ಗಂಟೆ ಒಂದು ನೆಪ!"

ಬೆರಿಲ್ ಟೀ ಕುಡಿದು ಮುಗಿಸಿದಳು. ಅರ್ಧ ಬಿಟ್ಟು ಏಳುವುದು ಅವಳ ಜಾಯಮಾನವಲ್ಲ. ಆಮೇಲೆ ಸಮಾಧಿಗಳ ನಡುವಿನ ಕಾಲುದಾರಿಯಲ್ಲಿ ಮನೆಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಅವಳು ಹೇಳಿದ್ದು ನಿಜವೇ? ಲೋರ್ನಾ ಹೋದರೆ ಮೂರನೆಯ ಗಂಟೆಗೆ ಜನವಿಲ್ಲ, ಅದು ಹಾಗಿರಲಿ. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಪಬ್ಬಿನ ಮೂಲೆಯ ಬೆಂಚಿನಲ್ಲಿ ಕುಳಿತು ಅರ್ಧರ್ಧ ಲೋಟ ಸೇಬಿನ ಸೈಡರ್ ಕುಡಿದು, ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸ್ ಹಂಚಿಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷದ ಮಂಗಳವಾರಗಳು. ಅಷ್ಟರಲ್ಲಿ ಒಂದು ದಿನವಾದರೂ ನೀನೆಂದರೆ ನನಗಿಷ್ಟ ಎಂದು ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಮ್ಮ ಜನವೇ ಹಾಗೆ. ಪ್ರಾಣ ಕೊಡುತ್ತೇವೆ, ಮಾತು ಮಾತ್ರ ಮಳೆಯ ಮೇಲೆಯೇ ಆಡುತ್ತೇವೆ. ಲೋರ್ನಾ ಇಲ್ಲದ ಮಂಗಳವಾರವನ್ನು ನೆನೆಯುತ್ತ ಬೆರಿಲ್ ತನ್ನ ಮನೆಯ ಗೇಟು ದಾಟಿ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಂದಳು. ಊರಿನ ಎಲ್ಲ ಮನೆಗಳ ಹುಳುಕೂ ಬಲ್ಲ ಅವಳಿಗೆ ತನ್ನ ಮನಸ್ಸಿನ ಹುಳುಕು ಇದೆಯೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಲೋರ್ನಾಳಿಗೆ ಫೋನ್ ಮಾಡಿ, "ಶನಿವಾರ ಹತ್ತಕ್ಕೆ ತೋರಿಸ್ತೀನಿ" ಎಂದಷ್ಟೇ ಹೇಳಿದಳು. ಮೊದಲ ಸಲ ತನ್ನ ನಿಯಮವನ್ನು ತಾನೇ ಮುರಿದಳು.

ಶನಿವಾರ ಬಂದವರು ಟಿಮ್ ಮತ್ತು ಕ್ಯಾರಿಸ್. ಜೊತೆಗೆ ಎರಡು ವರ್ಷದ ಮಗಳು. ಎಳೆ ಬಿಸಿಲು, ಲ್ಯಾವೆಂಡರಿನ ಮೇಲೆ ಜೇನುಹುಳುಗಳ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಮನೆ ತೋರಿಸುವಾಗ ಮಾರುವವರು ಹೊರಗೆ ಹೋಗುವುದು ವಾಡಿಕೆ. ಲೋರ್ನಾ ಹೋಗಿರಲಿಲ್ಲ, ತೊಳೆದ ಸಿಂಕನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದಳು. ಬೆರಿಲ್ ಚಾವಣಿ ಗಟ್ಟಿಯಾಗಿದೆ ಎಂದಳು, ಹಿಂದಿನ ಕೋಣೆಗೆ ತೇವ ಬರುತ್ತದೆ ಎಂದಳು. ಟಿಮ್ ಆಗಲೇ ಯಾವ ಗೋಡೆಗೆ ಯಾವ ಕಪಾಟು ಎಂದು ಲೆಕ್ಕ ಹಾಕತೊಡಗಿದ್ದ. ಮಗುವಿಗೆ ಕೆನ್ ಒಂದು ಟೊಮೇಟೊ ಕೊಟ್ಟ.

ಕ್ಯಾರಿಸ್ ಕಿಟಕಿಯ ಹತ್ತಿರ ನಿಂತು ಉಸಿರೆಳೆದುಕೊಂಡಳು. "ಎಷ್ಟು ಹಾಯಾಗಿದೆ! ಇಲ್ಲಿ ಯಾವಾಗ್ಲೂ ಹೀಗೇ ಸದ್ದಿಲ್ದೆ ಇರುತ್ತಾ?"

ಸಿಂಕಿನ ಮೇಲಿನ ಬಟ್ಟೆ ನಿಂತಿತು. ಲೋರ್ನಾ ತಿರುಗಲಿಲ್ಲ, ಆದರೆ ಅವಳ ಬೆನ್ನೇ ಬೇಡಿಕೊಳ್ಳುತ್ತಿತ್ತು. ಹೂಂ ಎಂದರೆ ಸಾಕು, ಸಮುದ್ರ ಅವಳದು. ಒಂದು ಹೂಂ!

"ಇಲ್ಲ" ಎಂದಳು ಬೆರಿಲ್. "ಮಂಗಳವಾರ ಸಂಜೆ ಒಂದೂವರೆ ತಾಸು ಗಂಟೆ ಬಾರಿಸ್ತೀವಿ. ಭಾನುವಾರ ಬೆಳಗ್ಗೆ ಮುಕ್ಕಾಲು ತಾಸು. ಮದುವೆ ಇದ್ರೆ ಶನಿವಾರಾನೂ. ಕಿಟಕಿ ಗಾಜು ಅದುರುತ್ತೆ. ಬಾರಿಸೋರಲ್ಲಿ ನಾನೂ ಒಬ್ಬಳು, ನಿಲ್ಲಿಸಿ ಅಂದ್ರೆ ನಿಲ್ಲಿಸಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಯೋಚನೆ ಮಾಡಿ ತಿಳಿಸ್ತೀವಿ" ಎಂದರು. ನಮ್ಮ ಕಡೆ ಹಾಗೆಂದರೆ ಇಲ್ಲ ಎಂದೇ ಅರ್ಥ.

ಲೋರ್ನಾ ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು. "ಹೋಗುವಾಗ ಬಾಗಿಲು ಎಳ್ಕೊಂಡು ಹೋಗು" ಎಂದಳು, ಅಷ್ಟೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬೆರಿಲ್‌ಗೆ ಒದೆ ಬಿದ್ದದ್ದು ಸ್ವಂತ ಗೆಳತಿಯಿಂದ, ಅದೂ ಕಾಲೆತ್ತದೆ.

ಮಂಗಳವಾರ ಬಂತು. ಲೋರ್ನಾ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಬಂದಳು. ಸಿಟ್ಟು ಸಿಟ್ಟಿನ ಕಡೆ, ಮೂರನೆಯ ಗಂಟೆ ಗಂಟೆಯ ಕಡೆ, ಅವಳೂ ಅಂಥವಳೇ. ಬೆರಿಲ್ ಮುಖ ನೋಡದೆ, ಬೆರಿಲ್ ಕೂಗಿದ ಕ್ರಮ ಮಾತ್ರ ಕೇಳಿಸಿಕೊಂಡು, ಒಂಬತ್ತರವರೆಗೆ ಒಂದು ಪೆಟ್ಟೂ ತಪ್ಪದೆ ಬಾರಿಸಿದಳು.

ಕೆಳಗಿಳಿದು ಬಂದರೆ ಚರ್ಚಿನ ಅಂಗಳದ ಗೋಡೆಯ ಮೇಲೆ ಟಿಮ್ ಮತ್ತು ಕ್ಯಾರಿಸ್ ಕುಳಿತಿದ್ದರು. ಮಗು ಅಪ್ಪನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ಮಲಗಿತ್ತು.

"ಏಳೂವರೆಯಿಂದ ಇಲ್ಲೇ ಇದೀವಿ" ಎಂದಳು ಕ್ಯಾರಿಸ್. "ಮೊದಲನೇ ಪೆಟ್ಟಿಗೆ ಇವಳು ಬೆಚ್ಚಿಬಿದ್ಲು. ಆಮೇಲೆ ಕುಣಿದ್ಲು. ಎಂಟಕ್ಕೆ ಮಲಗಿದೋಳು ಇನ್ನೂ ಎದ್ದಿಲ್ಲ. ನಮ್ಮನೆ ಇರೋದು ಲಾರಿ ಓಡಾಡೋ ರಸ್ತೇಲಿ, ಅಲ್ಲಿ ಒಂದು ದಿನಾನೂ ನೆಟ್ಟಗೆ ನಿದ್ದೆ ಮಾಡಲ್ಲ."

ಟಿಮ್ ಬೆರಿಲ್ ಕಡೆ ತಿರುಗಿದ. "ಒಂಬತ್ತು ಮನೆ ನೋಡಿದ್ವಿ. ಮನೇಲಿ ಹೀಗೊಂದು ತೊಂದರೆ ಇದೆ ಅಂದಿದ್ದು ನೀವೊಬ್ರೇ. ಹಾಗಾದ್ರೆ ಚಾವಣಿ ಗಟ್ಟಿ ಅಂದಿದ್ದೂ ನಿಜಾನೇ ಇರ್ಬೇಕು. ನಾವು ತಗೋತೀವಿ."

ಲೋರ್ನಾ ಕ್ಯಾರಿಸಳ ಕೈ ಹಿಡಿದುಕೊಂಡು ಅಲ್ಲಾಡಿಸಿದಳು, ಬಿಡಲೇ ಇಲ್ಲ. ಬೆರಿಲ್‌ಗೆ ಮಾತ್ರ, "ಚಿಪ್ಸ್ ಇವತ್ತು ನನ್ನದು" ಎಂದಳು. ನಮ್ಮವರ ಕ್ಷಮಾಪಣೆ ಅದಕ್ಕಿಂತ ಉದ್ದ ಇರುವುದಿಲ್ಲ.

ನಮ್ಮ ದೇಶದಲ್ಲಿ ತಗೋತೀವಿ ಎಂದ ಮಾತ್ರಕ್ಕೆ ಮನೆ ಮಾರಾಟವಾದ ಹಾಗಲ್ಲ. ವಕೀಲರ ಕಾಗದ ಎರಡೂ ಕಡೆಯಿಂದ ಅದಲುಬದಲಾಗುವವರೆಗೆ ಯಾರು ಬೇಕಾದರೂ ಮಾತು ತಪ್ಪಬಹುದು, ಕೊಳ್ಳುವವರೂ ಸರಿ, ಮಾರುವವರೂ ಸರಿ. ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಬೆರಿಲ್ ಮಂಗಳವಾರ ಪಬ್ಬಿನಲ್ಲಿ ಕುಳಿತು ಸಮುದ್ರದ ಗಾಳಿ ಎಷ್ಟು ಒಳ್ಳೆಯದು, ಅಲ್ಲಿ ಮೀನು ಎಷ್ಟು ತಾಜಾ ಎಂದೇ ಮಾತಾಡಿದಳು.

ಅಕ್ಟೋಬರ್ ಕೊನೆಯ ಒಂದು ಮಧ್ಯಾಹ್ನ ಅವಳು ರೂಕ್ಸ್ ಎಂಡಿಗೆ ಹೋದಾಗ ಲೋರ್ನಾ ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು.

"ಕಾಗದ ಆಯ್ತಾ?"

"ಆಯ್ತು. ಬೆಳಗ್ಗೆ ಹನ್ನೊಂದಕ್ಕೆ ವಕೀಲರು ಫೋನ್ ಮಾಡಿದ್ರು."

"ಇನ್ನು ಹಿಂದೆ ಸರಿಯೋ ಹಾಗಿಲ್ವಾ?"

"ದೇವರು ಬಂದ್ರೂ ಇಲ್ಲ."

"ಖಂಡಿತಾ?"

"ಖಂಡಿತಾ ಕಣೇ! ಏನಾಗಿದೆ ನಿನಗೆ?"

ಬೆರಿಲ್ ಕೋಟು ಬಿಚ್ಚದೆ ಕುರ್ಚಿಯ ಮೇಲೆ ಕುಳಿತಳು. "ಹಾಗಾದ್ರೆ ಹೇಳ್ತೀನಿ" ಎಂದಳು. "ಹೋಗ್ಬೇಡ ಕಣೇ, ಲೋರ್ನಾ." ಅಷ್ಟು ಹೇಳುವುದರೊಳಗೆ ಅವಳ ಕಣ್ಣಿಂದ ನೀರು ಬಂದೇ ಬಿಟ್ಟಿತು.

ಲೋರ್ನಾ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಈಗ ಹೇಳ್ತೀಯಾ, ಮಾರಾಯ್ತಿ? ಜೂನ್‌ನಲ್ಲೇ ಹೇಳೋಕೆ ಏನಾಗಿತ್ತು?"

"ಜೂನ್‌ನಲ್ಲಿ ಹೇಳಿದ್ರೆ ನೀನು ಉಳ್ಕೊಂಡುಬಿಡ್ತಿದ್ದೆ."

ಲೋರ್ನಾ ಹೌದು ಎಂಬಂತೆ ತಲೆಯಾಡಿಸಿ, ಸುತ್ತಿಟ್ಟಿದ್ದ ತಟ್ಟೆಯೊಂದನ್ನು ಬಿಚ್ಚಿ ಅದಕ್ಕೆ ಬಿಸ್ಕತ್ತು ಹಾಕಿ ಬೆರಿಲ್ ಮುಂದಿಟ್ಟಳು.