ಉಸಿರಿಗೆ ಜಾಗವಿಲ್ಲದ ಸಾಲು

ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳು ಪಟ್ಟಿ, ರೀಡ್, ಸೀಳಿಹೋದದ್ದರಿಂದ ಸಂಡೂರಿನಿಂದ ಹೊಸಪೇಟೆಗೆ ಬಂದು, ಚಿತ್ತವಾಡ್ಗಿಯಲ್ಲಿ ಮದುವೆ ಬ್ಯಾಂಡಿನ ಹುಸೇನಪ್ಪನವರ ಮನೆ ಹುಡುಕಿದೆ. ಅವರೂ ಕ್ಲಾರಿನೆಟ್ ಊದುವವರೇ. ಹೊಸ ರೀಡ್ ಕೊಟ್ಟು, "ಊದಿ ನೋಡ್ರಿ ಸರ್" ಎಂದರು.

ನಾನು ನುಡಿಸುವುದು ಬರೋಕ್ ಸಂಗೀತ. ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಪಿಟೀಲಿಗೆಂದು ಬರೆದದ್ದನ್ನು ಯಾರೋ ಕ್ಲಾರಿನೆಟ್ಟಿಗೆ ಹೊಂದಿಸಿದ್ದಾರೆ. ಒಂದೇ ರಚನೆಗೆ ಆರು ವರ್ಷ ಹಾಕಿದ್ದೇನೆ. ಈಚೆಗೆ ಅದರಲ್ಲಿನ ಸ್ವರಗಳ ಉದ್ದನೆಯ ಸಾಲು ಮುಗಿಯುವ ಮೊದಲೇ ನನ್ನ ಉಸಿರು ಮುಗಿಯುತ್ತದೆ. ಅಂದೂ ನಡುವೆಯೇ ನಿಂತೆ.

"ಇದನ್ನ ಬರದಾತಗ ಉಸಿರು ಬ್ಯಾಡಾಗಿತ್ತೇನ್ರಿ?"

"ಪಿಟೀಲಿಗೆ ಬರೆದದ್ದು. ಅದಕ್ಕೆ ಕೈ ಸಾಕು."

"ಮತ್ತ ನಿಮ್ಮ ಜೋಡಿ ಯಾರ್ರಿ? ಬ್ಯಾಂಡಿನ್ಯಾಗ ಇಬ್ರು ಒಂದೇ ಹಾಡು ಊದತೀವಿ. ಒಬ್ಬಾಂವ ಉಸಿರು ತಗೊಂಡ್ರ ಇನ್ನೊಬ್ಬಾಂವ ಹಿಡಕೊಂಡಿರ್ತಾನ."

ಜೋಡಿ ಇಲ್ಲ ಎಂದೆ. ಸುತ್ತಲ ಊರುಗಳಲ್ಲಿ ಇದನ್ನು ನುಡಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನೀವೇ ಕಲಿಯುತ್ತೀರಾ ಎಂದು ಕೇಳುವ ಆಸೆಯಾಯಿತು. ಅಷ್ಟರಲ್ಲಿ ಅವರು ಗೋಡೆಗೆ ತೂಗುಹಾಕಿದ್ದ ಇನ್ನೊಂದು ಕ್ಲಾರಿನೆಟ್ ತೋರಿಸಿದರು.

"ನನ್ನ ತಮ್ಮನದ್ರಿ. ಹ್ವಾದ ವರ್ಷ ತೀರಿಕೊಂಡ. ಈಗ ನಂದೂ ನಡುವ ಕಡೀತೈತಿ. ಆದ್ರ ನಮಗ ಡ್ರಮ್ ಅದಾವ, ಮುಚ್ಚಿಬಿಡತಾವ. ನಿಮಗ ಅದೂ ಇಲ್ಲ ನೋಡ್ರಿ."

ಕಲಿಯುತ್ತೀರಾ ಎಂದು ನಾನು ಕೇಳಲಿಲ್ಲ.

ಈಗ ಸಂಡೂರಿನಲ್ಲಿ, ನಮ್ಮ ಗಣಿ ಕಂಪನಿಯ ಕ್ವಾರ್ಟರ್ಸಿನ ಮುಂದೆ ಸ್ಟಾಫ್ ಬಸ್ಸು ಇಂಜಿನ್ ಚಾಲೂ ಇಟ್ಟು ನಿಂತಾಗಲೇ ಅಭ್ಯಾಸಕ್ಕೆ ಕೂರುತ್ತೇನೆ. ಆ ಸದ್ದಿನಲ್ಲಿ ಸಾಲು ಎಲ್ಲಿ ಕಡಿಯಿತೆಂದು ನೆರೆಯವರಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ರವಿವಾರ ನುಡಿಸುವುದಿಲ್ಲ. ಅಂದು ಬಸ್ಸಿಗೆ ರಜೆ.